ಹೊತ್ತು ಮುಳುಗಿದ ಮೇಲಿನ ಮಾತ್ರೆ

ಶಾಸ್ತ್ರವನ್ನೇ ಓದದವರ ಅಜ್ಞಾನವನ್ನು ನಾನು ಸಹಿಸಬಲ್ಲೆ. ಅರ್ಧ ಓದಿ, ಉಳಿದ ಅರ್ಧವನ್ನು ಪ್ರತಿಷ್ಠೆಯಿಂದ ತುಂಬಿಕೊಂಡವರನ್ನು ಸಹಿಸಲಾರೆ. ಹಳೇಬೀಡಿನ ನಮ್ಮ ಪುಟ್ಟ ಜೈನ ಸಮುದಾಯದಲ್ಲಿ ಅಂಥವರಿಗೆ ಎಂದೂ ಕೊರತೆ ಇರಲಿಲ್ಲ. ಅವರ ಪಂಕ್ತಿಯಲ್ಲಿ ಮೊದಲ ಎಲೆ ನನ್ನದೇ ಎಂಬುದು ನನಗೆ ಗೊತ್ತಾದದ್ದು ಎಪ್ಪತ್ತು ದಾಟಿದ ಮೇಲೆ, ಹದಿನಾಲ್ಕು ವರ್ಷದ ಒಬ್ಬ ಹುಡುಗಿಯ ರಕ್ತಪರೀಕ್ಷೆಯ ಕಾಗದದಿಂದ.

ಅರಸೀಕೆರೆಯ ಪ್ರೌಢಶಾಲೆಯೊಂದರಲ್ಲಿ ಮೂವತ್ತು ವರ್ಷ ಕನ್ನಡ ಮತ್ತು ಸಂಸ್ಕೃತದ ಪಾಠ ಹೇಳಿ ನಿವೃತ್ತನಾಗಿ ನಾನು ಊರಿಗೆ ಮರಳಿದ್ದೆ. ಬಸದಿಯಲ್ಲಿ ಪ್ರತಿ ಸಂಜೆ ಪುರಾಣ ಓದಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಮುನಿಗಳೊಬ್ಬರ ಮುಂದೆ ಕೈಮುಗಿದು, ಸೂರ್ಯಾಸ್ತವಾದ ಮೇಲೆ ಅನ್ನ ನೀರು ಏನನ್ನೂ ಮುಟ್ಟುವುದಿಲ್ಲವೆಂದು ನಾನು ವ್ರತ ಹಿಡಿದವನು. ಬೇಕಾದರೆ ನೀರಿಗೂ ಔಷಧಿಗೂ ವಿನಾಯಿತಿ ಕೇಳಿಕೊಳ್ಳಬಹುದೆಂದು ಆ ಮಹಾನುಭಾವರು ಅಂದೇ ಹೇಳಿದ್ದರು. ನಾನು ಕೇಳಲಿಲ್ಲ. ಯೌವನದ ಸೊಕ್ಕು ವ್ರತದ ವೇಷದಲ್ಲಿ ಬಂದರೆ ಅದನ್ನು ಗುರುತಿಸುವುದು ಬಹಳ ಕಷ್ಟ.

ನನ್ನ ತಂಗಿ ವಿಧವೆ. ಪಕ್ಕದ ಮನೆಯಲ್ಲಿಯೇ ಇದ್ದಳು. ಅವಳ ಒಬ್ಬನೇ ಮಗ ಅರಸೀಕೆರೆಯ ಮಾರುಕಟ್ಟೆಯಿಂದ ಉತ್ತರದ ಊರುಗಳಿಗೆ ಕೊಬ್ಬರಿ ಕಳಿಸುವ ವ್ಯಾಪಾರ ಮಾಡುತ್ತಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ ಅವನೂ, ವರ್ಷ ತುಂಬುವುದರೊಳಗೆ ಅವನ ಹೆಂಡತಿಯೂ ತೀರಿಕೊಂಡರು. ಎಚ್‌ಐವಿ ಎಂಬ ಹೆಸರನ್ನು ನಮ್ಮವರು ಆಡಲಿಲ್ಲ. ‘ಆ ಕಾಯಿಲೆ’ ಎಂದರು. ಸೂತಕದ ಮನೆಗೆ ಬಂದವರು ಹೊಸ್ತಿಲಾಚೆಯೇ ನಿಂತು, ಸಂಸಾರದ ಅನಿತ್ಯತೆಯನ್ನು ಕುರಿತು ನನಗೇ ಪ್ರವಚನ ಮಾಡಿ, ಕೊಟ್ಟ ನೀರನ್ನು ಮುಟ್ಟದೆ ಹೊರಟುಹೋದರು. ಅನಿತ್ಯತೆಯ ವಿಷಯದಲ್ಲಿ ಅವರಿಗೆ ಸಂದೇಹವಿರಲಿಲ್ಲ. ಸಂದೇಹವಿದ್ದದ್ದು ಲೋಟದ ವಿಷಯದಲ್ಲಿ.

ಉಳಿದವಳು ಮೊಮ್ಮಗಳು. ಅವಳಿಗೂ ಹುಟ್ಟಿನಿಂದಲೇ ಆ ಕಾಯಿಲೆ ಬಂದಿತ್ತು. ಅವಳಿಗೆ ಹನ್ನೊಂದು ವರ್ಷವಾದಾಗ ಸರ್ಕಾರದ ಉಚಿತ ಮಾತ್ರೆಗಳು ಜಿಲ್ಲಾ ಆಸ್ಪತ್ರೆಗೆ ಬಂದವು. ತಿಂಗಳಿಗೊಮ್ಮೆ ಅಜ್ಜಿ ಮೊಮ್ಮಗಳು ಬಸ್ಸು ಹತ್ತಿ ಹೋಗಿ ಡಬ್ಬಿ ತರುತ್ತಿದ್ದರು. ಬೆಳಿಗ್ಗೆ ಎಂಟಕ್ಕೊಂದು, ರಾತ್ರಿ ಎಂಟಕ್ಕೊಂದು ಮಾತ್ರೆ, ಜೀವ ಇರುವವರೆಗೆ.

ಮೊದಲ ಡಬ್ಬಿ ಬಂದ ದಿನವೇ ತಂಗಿ ನನ್ನಲ್ಲಿಗೆ ಬಂದಳು. ನಾನು ಮರುದಿನದ ಪುರಾಣದ ಭಾಗಕ್ಕೆ ಟಿಪ್ಪಣಿ ಬರೆದುಕೊಳ್ಳುತ್ತಿದ್ದೆ.

“ಅಣ್ಣಯ್ಯ, ರಾತ್ರಿ ಎಂಟಕ್ಕೆ ಕೊಡು ಅಂತಾರೆ. ನಮ್ಮನೇಲಿ ಹೊತ್ತು ಮುಳುಗಿದ್ಮೇಲೆ ನೀರಿನ ಕೊಡ ಮುಟ್ಟಲ್ಲ. ಏನ್ ಮಾಡ್ಲಿ?”

“ಮುಳುಗೋಕೆ ಮುಂಚೆ ಕೊಟ್ಟು ಮುಗಿಸು,” ಎಂದೆ. ತಲೆಯನ್ನೂ ಎತ್ತಲಿಲ್ಲ.

“ಆಸ್ಪತ್ರೆಯೋರು ಹನ್ನೆರಡು ಗಂಟೆ ಅಂತರ ಇರಬೇಕು ಅಂದ್ರು.”

“ಆಸ್ಪತ್ರೆಯೋರಿಗೆ ಗಡಿಯಾರ ಗೊತ್ತು, ಧರ್ಮ ಗೊತ್ತಾ?”

ಇಂಥ ಮಾತುಗಳಿಗೆ ನಮ್ಮಲ್ಲಿ ಬಹಳ ಬೆಲೆ. ತಂಗಿ ಅದನ್ನು ನಾಲ್ಕು ಮನೆಗಳಲ್ಲಿ ಹೇಳಿದಳು. ನಾಲ್ಕೂ ಮನೆಯವರು ತಲೆದೂಗಿದರು. ಹನ್ನೆರಡು ಗಂಟೆಯ ಅಂತರ ಏಕೆ ಬೇಕು ಎಂದು ಕೇಳಬೇಕೆಂದು ನಾನೆಂಬ ಆ ಪಂಡಿತನಿಗೆ ತೋಚಲಿಲ್ಲ. ವ್ರತವೆಂಬುದು ಬುದ್ಧಿ ಬಲಿತವರು ತಾವೇ ಕೇಳಿ ತೆಗೆದುಕೊಳ್ಳುವಂಥದ್ದು, ಹನ್ನೊಂದು ವರ್ಷದ ಮಗುವಿನ ಹೆಸರಿನಲ್ಲಿ ಅಜ್ಜಿಯಾಗಲಿ ಅಜ್ಜಿಯ ಅಣ್ಣನಾಗಲಿ ತೆಗೆದುಕೊಳ್ಳುವಂಥದ್ದಲ್ಲ ಎಂಬ ಮೊದಲ ಪಾಠವೂ ಅವನಿಗೆ ಆ ಸಂಜೆ ನೆನಪಿಗೆ ಬರಲಿಲ್ಲ.

ಹೀಗೆ ಬೆಳಗಿನ ಮಾತ್ರೆ ಬಸದಿಗೆ ಹೋಗಿ ಬಂದ ಮೇಲೆ, ಸಂಜೆಯದು ಐದೂವರೆಗೆ ಎಂದಾಯಿತು. ಒಂದು ವರ್ಷ ಕಳೆಯುವಾಗ ಹುಡುಗಿಯ ಕೆನ್ನೆ ಒಳಗೆ ಹೋಯಿತು, ಅಂಗಾಲು ಉರಿಯತೊಡಗಿತು. ಅದು ಮಾತ್ರೆಯ ಗುಣವೆಂದು ವೈದ್ಯರು ಅದನ್ನು ಬಿಡಿಸಿ ಬೇರೊಂದನ್ನು ಕೊಟ್ಟರು. ಆ ಹೊಸದರಿಂದ ಉರಿ ನಿಂತಿತು, ಉಗುರುಗಳು ಕಪ್ಪಾದವು. ಉಗುರು ಕಪ್ಪಾಗುವುದರಿಂದ ಯಾರಿಗೂ ಯಾವ ಕೇಡೂ ಇಲ್ಲ. ಆದರೆ ನಮ್ಮ ಹೆಂಗಸರು ಆ ಉಗುರುಗಳನ್ನು ಕಂಡು ಬಸದಿಯಲ್ಲಿ ಸೆರಗನ್ನು ಹತ್ತಿರಕ್ಕೆ ಎಳೆದುಕೊಂಡರು. ಅಭಿಷೇಕದ ದಿನ ಊರಿನ ಹೆಣ್ಣುಮಕ್ಕಳೆಲ್ಲ ಸಾಲಾಗಿ ನೀರಿನ ಕಲಶ ಹೊತ್ತು ತರುವುದು ಪದ್ಧತಿ. ಆ ಸಾಲಿನಿಂದ ಇವಳನ್ನು ಬಿಡಿಸಿದವರು ಬಸದಿಯ ಯಜಮಾನರು.

ಈ ಯಜಮಾನರು ಜಮೀನ್ದಾರರು. ಪೇಟೆಯಲ್ಲಿ ದಿನಸಿ ಅಂಗಡಿಯನ್ನೂ ಇಟ್ಟವರು. ಅವರ ಧರ್ಮಶ್ರದ್ಧೆಯನ್ನು ನೋಡಬೇಕಾದರೆ ಸೂರ್ಯಾಸ್ತಕ್ಕೆ ಮೊದಲಿನ ಕಾಲು ಗಂಟೆ ಅವರ ಮನೆಗೆ ಹೋಗಬೇಕು. ಕೆರೆಯ ಆಚೆಗೆ ಸೂರ್ಯ ಇಳಿಯುತ್ತಿರುವಾಗ ಅವರು ಒಂದು ಕಣ್ಣನ್ನು ಗೋಡೆಯ ಗಡಿಯಾರದ ಮೇಲಿಟ್ಟು, “ಇನ್ನೂ ನಾಲ್ಕು ನಿಮಿಷ ಐತೆ, ಬಡಿಸು ಬಡಿಸು,” ಎನ್ನುತ್ತ, ರಾತ್ರಿ ಮಾಡದ ಊಟವನ್ನೂ ನಾಳೆ ಮಾಡಲಿರುವ ಊಟವನ್ನೂ ಒಟ್ಟಿಗೆ ಒಳಗೆ ಇಳಿಸುತ್ತಿದ್ದರು. ಜಿಹ್ವಾಸಂಯಮಕ್ಕಾಗಿ ಹುಟ್ಟಿದ ನಿಯಮವನ್ನು ಜಿಹ್ವೆಯ ಓಟದ ಪಂದ್ಯವನ್ನಾಗಿ ಮಾಡಿದ ಕೀರ್ತಿ ಅವರದು. ಆ ಹುಡುಗಿಯ ವಿಷಯದಲ್ಲಿ ಅವರು ಹೇಳಿದ್ದಿಷ್ಟೇ: “ಮಗು ಸುಸ್ತಾಗ್ತದೆ, ಕಲಶದ ಭಾರ ಯಾಕೆ? ಕೂತು ನೋಡ್ಲಿ ಬಿಡಿ.”

ಕಲಶ ಇಲ್ಲದ ಹುಡುಗಿ ಉಪವಾಸವನ್ನು ಹಿಡಿದಳು. ಅಷ್ಟಮಿ, ಚತುರ್ದಶಿಗಳಂದು ಅಜ್ಜಿ ನೀರೂ ಇಲ್ಲದ ಉಪವಾಸ ಮಾಡುತ್ತಿದ್ದಳು. ಹದಿಮೂರರ ಮೊಮ್ಮಗಳು ಜೊತೆಗೆ ಕುಳಿತಳು. ತಿಂಗಳಿಗೆ ನಾಲ್ಕು ದಿನ. ಊರು ಮೊದಲ ಬಾರಿಗೆ ಅವಳನ್ನು ಹೊಗಳಿತು. ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಿದವರ ಹೆಸರುಗಳನ್ನು ಪುರಾಣ ಮುಗಿದ ಮೇಲೆ ನಾನು ಓದಿ ಹೇಳುವುದು ರೂಢಿ. ಅವಳ ಹೆಸರನ್ನೂ ಓದಿದೆ. ಯಜಮಾನರು ಶಾಲು ಹೊದಿಸಿದರು. ಕೈ ತಾಗದಂತೆ ಎರಡು ತುದಿಗಳನ್ನು ಹಿಡಿದು, ಬಹಳ ನಾಜೂಕಾಗಿ. ಕಲಶ ಹೊರಲು ನಿಶ್ಶಕ್ತಳಾದವಳು ನೀರಿಲ್ಲದೆ ಹಗಲೂ ರಾತ್ರಿ ಕಳೆಯಲು ಶಕ್ತಳಾಗಿದ್ದಳು. ಇದರಲ್ಲಿ ವಿರೋಧವಿದೆಯೆಂದು ಅಂದು ಯಾರಿಗೂ ಹೊಳೆಯಲಿಲ್ಲ. ಅಲಂಕಾರಶಾಸ್ತ್ರ ಓದಿ ಪಾಠ ಹೇಳಿದ ನನಗೂ.

ಅವಳಿಗೆ ಹದಿನಾಲ್ಕು ತುಂಬಿದ ವರ್ಷ ಜ್ವರ ಮರುಕಳಿಸತೊಡಗಿತು, ತೂಕ ಇಳಿಯಿತು. ರಕ್ತದಲ್ಲಿ ರೋಗವನ್ನು ಎದುರಿಸುವ ಕಣಗಳ ಎಣಿಕೆ ಬಿದ್ದುಹೋಗಿದೆಯೆಂದು ಪರೀಕ್ಷೆಯ ಕಾಗದ ಬಂತು. ತಂಗಿ ಹೆದರಿ ನನ್ನನ್ನೂ ಕರೆದುಕೊಂಡು ಹೋದಳು. ಆಸ್ಪತ್ರೆಯಲ್ಲಿ ಪ್ರತಿ ತಿಂಗಳೂ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಎಣಿಸುತ್ತಿದ್ದರು. ತಪ್ಪಿಸಿದವರ ಡಬ್ಬಿಯಲ್ಲಿ ಹೆಚ್ಚು ಉಳಿದಿರುತ್ತದೆ. ಇವಳದರಲ್ಲಿ ಮೂರು ವರ್ಷ ಒಮ್ಮೆಯೂ ಒಂದು ಮಾತ್ರೆ ಹೆಚ್ಚಿರಲಿಲ್ಲ, ಒಂದು ಕಡಿಮೆಯಿರಲಿಲ್ಲ. ಎಣಿಕೆ ಇಷ್ಟು ಸರಿಯಿದ್ದೂ ಔಷಧಿ ಸೋತದ್ದು ಏಕೆ ಎಂಬುದು ವೈದ್ಯರಿಗೆ ಬಿಡಿಸಲಾಗದ ಒಗಟಾಗಿತ್ತು.

ಅಲ್ಲಿ ರೋಗಿಗಳೊಂದಿಗೆ ಮಾತನಾಡಿ ತಿಳಿಹೇಳುವ ಕೆಲಸಕ್ಕೆ ಬೇಲೂರು ಕಡೆಯ ಒಬ್ಬ ಹೆಣ್ಣುಮಗಳಿದ್ದಳು. ಮೂವತ್ತು ದಾಟದ ವಯಸ್ಸು. ನಾನು ಅವಳಿಗೂ ಧರ್ಮ ಹೇಳಲು ಸಿದ್ಧನಾಗಿಯೇ ಕುಳಿತಿದ್ದೆ. ಅವಳು ನನ್ನತ್ತ ನೋಡಲೇ ಇಲ್ಲ; ಹುಡುಗಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು.

“ನಿನ್ನೆ ಎಷ್ಟೊತ್ತಿಗೆ ತಗೊಂಡೆ ಕಣಮ್ಮ?”

“ನಿನ್ನೆ ಬೆಳಿಗ್ಗೆ ಎರಡು. ಸಂಜೆ ಐದೂವರೆಗೆ ಎರಡು.”

“ಎರಡೆರಡಾ? ಯಾಕೆ?”

“ಮೊನ್ನೆ ಚತುರ್ದಶಿ ಅಲ್ವಾ ಅಕ್ಕಾ. ಉಪವಾಸ. ಮೊನ್ನೇದು ಬಾಕಿ ಇತ್ತು, ನಿನ್ನೆ ಸೇರಿಸಿ ಮುಗಿಸ್ದೆ.”

ಆ ಹೆಣ್ಣುಮಗಳು ಪೆನ್ನನ್ನು ಕೆಳಗಿಟ್ಟಳು. ತಂಗಿಗೆ ಇನ್ನೂ ಅರ್ಥವಾಗಿರಲಿಲ್ಲ, ಹೆಮ್ಮೆಯಿಂದಲೇ ಹೇಳಿದಳು: “ಒಂದೂ ಬಿಡಿಸಿಲ್ಲ ಕಣಮ್ಮ. ಜಪ ತಪ್ಪಿದ್ರೆ ಮಾರನೇ ದಿನ ಎರಡು ಸರ ಎಣಿಸಿ ಒಪ್ಪಿಸ್ತೀವಲ್ಲ, ಹಂಗೇಯ.”

ನಮ್ಮವರಲ್ಲದೆ ಲೋಕದಲ್ಲಿ ಬೇರೆ ಯಾರೂ ಮಾಡಲಾರದ ತಪ್ಪು ಇದು. ಜಪಮಣಿಯ ನ್ಯಾಯವನ್ನು ಮಾತ್ರೆಗೆ ಹಚ್ಚಿ, ಎಣಿಕೆ ಸರಿಹೋದರೆ ಫಲವೂ ಸರಿಹೋಗುತ್ತದೆಂದು ನಂಬಿ, ವರ್ಷದ ಮೇಲೆ ಶ್ರದ್ಧೆಯಿಂದ ರೋಗವನ್ನು ಸಾಕಿದ್ದೆವು. ಔಷಧಿಯ ಅಂಶ ರಕ್ತದಲ್ಲಿ ಇಳಿದಾಗಲೆಲ್ಲ ವೈರಾಣು ಆ ಔಷಧಿಗೇ ಪಳಗುತ್ತದೆ, ಆಮೇಲೆ ಎರಡಲ್ಲ, ಹತ್ತು ಮಾತ್ರೆ ನುಂಗಿದರೂ ಅದು ಜಗ್ಗುವುದಿಲ್ಲ ಎಂದು ಆ ಹೆಣ್ಣುಮಗಳು ತಾಳ್ಮೆಯಿಂದ ವಿವರಿಸಿದಳು. ಮುಂದೆ ಉಳಿದಿದ್ದದ್ದು, ಮೊದಲಿನವು ಸೋತವರಿಗೆಂದು ಇಟ್ಟ ಎರಡನೆಯ ಸಾಲಿನ ಮಾತ್ರೆಗಳು. ಅವು ಆಗ ಬೆಂಗಳೂರಿನಲ್ಲಿ ಮಾತ್ರ ಸಿಗುತ್ತಿದ್ದವು. ವೈದ್ಯರ ಸಮಿತಿ ಒಪ್ಪಬೇಕು. ಅದಕ್ಕೆ ಮುಂಚೆ ಮೂರು ತಿಂಗಳು, ಇರುವ ಮಾತ್ರೆಯನ್ನೇ ಎಂಟು-ಎಂಟಕ್ಕೆ ತಪ್ಪದೆ ತೆಗೆದುಕೊಂಡು ತೋರಿಸಬೇಕು. ಎರಡನೆಯ ಸಾಲೂ ಸೋತರೆ ಮೂರನೆಯದು ಎಂಬುದು ಇಲ್ಲ.

“ಸಂಜೇದು ಐದೂವರೆಗೆ ಕೊಡೋಕೆ ಯಾರು ಹೇಳಿದ್ದು?” ಎಂದು ಅವಳು ಕೇಳಿದಳು.

ತಂಗಿ ನನ್ನನ್ನು ನೋಡಲಿಲ್ಲ. ನೋಡದಿರಲು ಅವಳು ಪಟ್ಟ ಶ್ರಮ ನನಗೆ ಕಂಡಿತು.

ಪಾಪವನ್ನು ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದವರನ್ನು ಮೆಚ್ಚುವುದು, ಈ ಮೂರಕ್ಕೂ ಸಮಾನ ಫಲವೆಂದು ನಮ್ಮ ಆಚಾರ್ಯರು ಹೇಳುತ್ತಾರೆ. ನಾನು ಅದನ್ನು ನೂರಾರು ಸಂಜೆ ಬಿಡಿಸಿ ಹೇಳಿದ್ದೇನೆ. ಐದೂವರೆಗೆ ಕೊಡಿಸಿದವನು ನಾನು. ಉಪವಾಸದ ಪಟ್ಟಿಯಲ್ಲಿ ಅವಳ ಹೆಸರನ್ನು ಸ್ವರವೆತ್ತಿ ಓದಿ ಮೆಚ್ಚಿದವನೂ ನಾನೇ. “ನಾನು,” ಎಂದೆ. ಆ ಹೆಣ್ಣುಮಗಳು ತಲೆಯಾಡಿಸಿ ಕಾಗದದ ಮೇಲೆ ಏನನ್ನೋ ಬರೆದುಕೊಂಡಳು. ಬೈದಿದ್ದರೆ ಹಗುರವಾಗುತ್ತಿತ್ತು.

ಅಂದಿನಿಂದ ಎಂಟು ಗಂಟೆಗೆ ತಂಗಿ ಅಡುಗೆಮನೆಗೆ ಬೆನ್ನು ಹಾಕಿ ಪಡಸಾಲೆಯಲ್ಲಿ ಕೂರುತ್ತಿದ್ದಳು. ಕೊಡು ಎನ್ನಲು ಅವಳಿಗೆ ಬಾಯಿ ಬರುತ್ತಿರಲಿಲ್ಲ, ಬೇಡ ಎನ್ನಲು ಧೈರ್ಯವಿರಲಿಲ್ಲ. ಕತ್ತಲಾದ ಮೇಲೆ ಕೊಡ ಮುಟ್ಟದ ನಾನು ಹೋಗಿ ಲೋಟಕ್ಕೆ ನೀರು ಬಗ್ಗಿಸಿ ಕೊಡುತ್ತಿದ್ದೆ. ಹುಡುಗಿ ಸುಲಭದವಳಲ್ಲ. ಎರಡನೆಯ ವಾರವೇ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತುಬಿಟ್ಟಳು.

“ದೊಡ್ಡಜ್ಜ, ಉಪವಾಸ ಮಾಡಿದ್ರೆ ಶಾಲು ಹೊದಿಸ್ತಾರೆ. ಇದನ್ನ ತಗೊಂಡ್ರೆ ಏನ್ ಹೊದಿಸ್ತಾರೆ?”

“ಏನೂ ಇಲ್ಲ.”

“ಮತ್ತೆ? ಬೋರು. ದಿನಾ ಎಂಟು, ದಿನಾ ಎಂಟು. ಉಪವಾಸನಾದ್ರೂ ತಿಂಗಳಿಗೆ ನಾಲ್ಕೇ ದಿನ.”

ತಪಸ್ಸೆಂದರೆ ಇದೇ ಎಂದು ಹೇಳಬಹುದಿತ್ತು. ಆದರೆ ಆ ಬಗೆಯ ಮಾತಿನಿಂದಲೇ ಅವಳು ಈ ಸ್ಥಿತಿಗೆ ಬಂದಿದ್ದಳು. ಲೋಟವನ್ನು ಅವಳ ಮುಂದಕ್ಕೆ ಚಾಚಿದೆ. ಅಂಚಿನಿಂದ ನೀರು ತುಳುಕಿತು. “ಚೆಲ್ತೀರ ಕೊಡಿ ಇಲ್ಲಿ,” ಎಂದು ಕಿತ್ತುಕೊಂಡು ನುಂಗಿದಳು.

ಆ ಮೂರು ತಿಂಗಳ ನಡುವೆಯೇ ದಶಲಕ್ಷಣ ಪರ್ವ ಬಂತು. ಕೊನೆಯ ದಿನದ ಚತುರ್ದಶಿಗೆ ಉಪವಾಸ ಹಿಡಿಯುವವರ ಹೆಸರು ಬರೆಸಿಕೊಳ್ಳಲು ಯಜಮಾನರೇ ಹಾಳೆ ಹಿಡಿದು ಕುಳಿತರು. ಹೋದ ಸಲದ ಶಾಲಿನ ನೆನಪಿನಲ್ಲಿ, ಕೇಳದೆಯೇ ಅವಳ ಹೆಸರನ್ನು ಬರೆದುಕೊಂಡರು.

“ನಂದು ಹೊಡೆದಾಕಿ,” ಎಂದಳು ಹುಡುಗಿ, ಎಲ್ಲರೆದುರು. “ನಾನು ಮಾಡಲ್ಲ. ಎಂಟಕ್ಕೆ ಮಾತ್ರೆ ತಗೋಬೇಕು.”

“ಹೊತ್ತು ಮುಳುಗಿದ್ಮೇಲಾ? ಪರ್ವದಲ್ಲಾ?” ಯಜಮಾನರು ನನ್ನತ್ತ ತಿರುಗಿದರು. “ಏನ್ ಪಂಡಿತ್ರೇ, ನಿಮ್ಮನೇಲೇ ಹಿಂಗಾ? ಶಾಸ್ತ್ರ ಏನ್ ಹೇಳ್ತದೆ, ತಾವೇ ಒಂದು ಮಾತು ಹೇಳಿ.”

“ಶಾಸ್ತ್ರ ವ್ರತ ಹಿಡಿದವರಿಗೆ ಹೇಳುತ್ತೆ. ಇವಳು ಹಿಡಿದಿಲ್ಲ. ಅವಳ ಪರವಾಗಿ ಹಿಡಿದವನು ನಾನು. ಹಾಗೆ ಹಿಡಿಯೋಕೆ ನನಗೆ ಅಧಿಕಾರವಿರಲಿಲ್ಲ. ಸಂಜೆ ಐದೂವರೆಗೆ ಕೊಡು ಅಂತ ನಾನು ಹೇಳಿದ್ದು ತಪ್ಪು. ಆ ತಪ್ಪಿನಿಂದ ಔಷಧಿ ಕೆಟ್ಟಿದೆ.”

ಯಜಮಾನರು ನಕ್ಕರು. “ವಯಸ್ಸಾಯ್ತು ಬಿಡಿ ನಿಮಗೆ. ಮೊಮ್ಮಗಳು ಅಂದ್ರೆ ಧರ್ಮನೂ ಬಗ್ತದೆ.”

“ತಾವು ರಾತ್ರಿ ಶುಗರ್ ಮಾತ್ರೆ ತಗೋತೀರಲ್ಲ?”

“ತಗೋತೀನಿ. ವ್ರತ ಹಿಡಿಯೋವಾಗ್ಲೇ ಔಷಧಿಗೆ ವಿನಾಯಿತಿ ಕೇಳ್ಕೊಂಡಿದೀನಿ. ಅದು ಬೇರೆ ಪಂಡಿತ್ರೇ.”

“ಯಾವುದು ಬೇರೆ? ಮಾತ್ರೆಯೋ, ಕಾಯಿಲೆಯೋ?”

ಅವರು ಹಾಳೆಯತ್ತ ಬಗ್ಗಿ ಹುಡುಗಿಯ ಹೆಸರನ್ನು ಹೊಡೆದುಹಾಕಿದರು. ಮರುವಾರ ಪುರಾಣ ಓದಲು ಬೇರೆಯವರಿಗೆ ಹೇಳಿದರು. ಹೊಸದಾಗಿ ಬಂದವರು ಸಮಾಸಗಳನ್ನು ಬೇಕಾದಲ್ಲಿ ಮುರಿದು, ಅರ್ಥವನ್ನು ಬೇಕಾದಲ್ಲಿ ಬಿಟ್ಟು, ಯಜಮಾನರ ಊಟದ ಹೊತ್ತಿಗೆ ಸರಿಯಾಗಿ ಮುಗಿಸುತ್ತಿದ್ದರು. ಎಲ್ಲರಿಗೂ ತೃಪ್ತಿಯಾಯಿತೆಂದು ಕೇಳಿದೆ. ಸ್ವಾಮಿಯ ದರ್ಶನಕ್ಕೆ ನಾನು ಬೆಳಗಿನ ಹೊತ್ತು ಹೋಗಿ ಬರುತ್ತಿದ್ದೆ. ಆ ಮೌನ ವಿಗ್ರಹದ ಮುಂದೆ ನಿಂತಾಗ ಮಾತ್ರ ಆ ಊರಿನಲ್ಲಿ ಯಾರ ಮೇಲೂ ತಿರಸ್ಕಾರ ಹುಟ್ಟುತ್ತಿರಲಿಲ್ಲ.

ಮೂರು ತಿಂಗಳು ಹುಡುಗಿ ಒಂದು ಹೊತ್ತೂ ತಪ್ಪಿಸಲಿಲ್ಲ. ಬೆಂಗಳೂರಿನಿಂದ ಕರೆ ಬಂತು. ಅಲ್ಲಿಯ ವೈದ್ಯರು ಹೊಸ ಮಾತ್ರೆಗಳನ್ನು ತೋರಿಸಿ, ಆ ಸಂಜೆಯಿಂದಲೇ ಶುರುಮಾಡಬೇಕು ಎಂದರು. ಇದನ್ನು ಬರೀ ನೀರಿನಲ್ಲಿ ನುಂಗಿದರೆ ಅವಳ ಹೊಟ್ಟೆ ತಡೆಯಲಾರದು, ಎಂಟಕ್ಕೆ ಊಟ ಮಾಡಿಸಿ ಕೊಡಿ ಎಂದೂ ಹೇಳಿದರು. “ಮನೇಲಿ ಏನಾದ್ರೂ ತೊಂದರೆ ಇದೆಯಾ?”

ನಾನು ಬಾಯಿ ತೆರೆಯುವುದರೊಳಗೆ ಹುಡುಗಿಯೇ ಹೇಳಿದಳು: “ಅಜ್ಜಿ ರಾತ್ರಿ ಅನ್ನ ಮುಟ್ಟಲ್ಲ ಡಾಕ್ಟ್ರೇ. ನಾನೇ ಬಡಿಸ್ಕೊಂಡು ತಿಂತೀನಿ.” ತಂಗಿ ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕುಳಿತಿದ್ದಳು.

ರೈಲು ತಡವಾಗಿ, ಅರಸೀಕೆರೆಯಲ್ಲಿ ಇಳಿದಾಗ ಕತ್ತಲಾಗಿತ್ತು. ಹಳೇಬೀಡಿನ ಮೇಲೆ ಬೇಲೂರಿಗೆ ಹೋಗುವ ಬಸ್ಸಿಗಾಗಿ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತೆವು. ಯಾವುದೋ ಕೆಲಸಕ್ಕೆ ಅರಸೀಕೆರೆಗೆ ಬಂದಿದ್ದ ಯಜಮಾನರೂ ಅದೇ ಬಸ್ಸಿಗೆ ಕಾಯುತ್ತಿದ್ದರು. ಆಚೆ ಬೆಂಚಿನಿಂದ ನಮ್ಮನ್ನು ಕಂಡು, ಎದ್ದು ಬಂದು, ತುಸು ದೂರದಲ್ಲೇ ನಿಂತರು. ಕೈಯಲ್ಲಿ ಹೊಸ ನೀರಿನ ಬಾಟಲಿ.

ಎಂಟಾಯಿತು. ಹುಡುಗಿ ಡಬ್ಬಿ ತೆಗೆದು, ಯಜಮಾನರನ್ನು ನೋಡಿ, ಮತ್ತೆ ಚೀಲದೊಳಗೆ ಇಟ್ಟಳು. “ಮನೆಗೆ ಹೋದ್ಮೇಲೆ ತಗೋತೀನಿ.”

ತಂಗಿ ಚೀಲವನ್ನು ತನ್ನ ತೊಡೆಗೆ ಎಳೆದುಕೊಂಡಳು. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ, ಹಿಂತಿರುಗುವುದು ತಡವಾದೀತೆಂದು, ಅವಳು ಒಂದು ಊಟದ ಡಬ್ಬಿ ಹೆಚ್ಚಿಗೆ ಕಟ್ಟಿಕೊಂಡಿದ್ದಳೆಂದು ನನಗೆ ಗೊತ್ತಿರಲಿಲ್ಲ. ಮೊಸರನ್ನ. ಮುಚ್ಚಳ ತೆಗೆದು, ಕಲಸಿ, ನಿಲ್ದಾಣದ ದೀಪದ ಕೆಳಗೆ ಅಷ್ಟೂ ಜನರ ನಡುವೆ ತುತ್ತು ಮಾಡಿ ಮೊಮ್ಮಗಳ ಬಾಯಿಯ ಮುಂದೆ ಹಿಡಿದಳು.

“ಅಜ್ಜೀ, ಎಲ್ರೂ ನೋಡ್ತಾವ್ರೆ.”

“ನೋಡ್ಲಿ. ಬಾಯ್ ತೆಗಿ.”

ಆರೇಳು ತುತ್ತು ಹೋಯಿತು. ಮಾತ್ರೆಯ ಹೊತ್ತಿಗೆ ನಮ್ಮ ಚೊಂಬಿನಲ್ಲಿ ನೀರು ಮುಗಿದಿತ್ತು. ತಂಗಿ ಮೊಸರಿನ ಕೈಯನ್ನೇ ಮೇಲೆತ್ತಿ ಯಜಮಾನರಿಗೆ ಹೇಳಿದಳು: “ಅಲ್ಲೇ ನಿಂತು ಏನ್ ನೋಡ್ತೀರ್ರೀ? ಬಾಟ್ಲಿ ಐತಲ್ಲ ಕೈಯಾಗೆ, ಕೊಡಿ ಇತ್ತ.”

ಅಷ್ಟು ಜನರ ಮುಂದೆ ಇಲ್ಲವೆನ್ನಲಾರದೆ ಅವರು ಕೊಟ್ಟರು. ಹುಡುಗಿ ಹೊಸ ಮಾತ್ರೆಗಳನ್ನು ಒಂದೊಂದಾಗಿ ನುಂಗಿ, ಬಾಟಲಿಗೆ ಬಾಯಿಟ್ಟು ಗಟಗಟನೆ ಕುಡಿದು, ಅಂಗೈಯಿಂದ ತುಟಿ ಒರೆಸಿಕೊಂಡು ಬಾಟಲಿಯನ್ನು ಅವರ ಕಡೆಗೆ ಚಾಚಿದಳು.

“ಇರ್ಲಿ ಇರ್ಲಿ, ಮಗೂನೇ ಇಟ್ಕೊಳ್ಳಲಿ,” ಎಂದರು ಯಜಮಾನರು ಬಹಳ ಉದಾರವಾಗಿ, ಎರಡು ಹೆಜ್ಜೆ ಹಿಂದೆ ಸರಿದು.

ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸಿ ಚೀಲಕ್ಕೆ ಹಾಕಿಕೊಂಡಳು. “ಇನ್ನೂ ಅರ್ಧ ಐತೆ ಅಜ್ಜೀ,” ಎಂದಳು. “ನಾಳೆ ಬೆಳಿಗ್ಗೇದಕ್ಕೆ ಆಗ್ತದೆ.”